ಕರ್ನಾಟಕದಲ್ಲಿ ದಿನಮಾನ ವೃದ್ಧಿ: ಒಂದು ಖಗೋಳಶಾಸ್ತ್ರೀಯ ಜಿಜ್ಞಾಸೆ

ವಿಷಯ ಪ್ರವೇಶ

ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗಲು ಅರವತ್ತು ಘಳಿಗೆ ಬೇಕು ಎಂಬುದರಲ್ಲಿ ಆರ್ಯಭಟನಿಂದ ಒಂಟಿಕೊಪ್ಪಲ್ ಪಂಚಾಂಗದವರೆಗೆ ಯಾರಿಗೂ ತಕರಾರಿಲ್ಲ. ತಕರಾರಿರುವುದು ಇನ್ನೊಂದು ಬಗೆಯ ದಿನದ ಬಗ್ಗೆ. ಕಾರ್ಖಾನೆಯ ಒಂದು ಸೈರನ್ನಿನಿಂದ ಇನ್ನೊಂದು ಸೈರನ್ನಿನವರೆಗಿನ ಈ ಅವಧಿಯನ್ನು ಪ್ರಸ್ತುತ ಪ್ರಬಂಧವು 'ಪಾಳಿದಿನ' ಎಂದು ಕರೆಯುತ್ತದೆ. ಇದರ ಉದಯಾಸ್ತಗಳು ಸೂರ್ಯನಿಗೆ ಅಧೀನವಲ್ಲ, ರಾಜ್ಯಪತ್ರಕ್ಕೆ ಅಧೀನ. ಕರ್ನಾಟಕದ ಅಕ್ಷಾಂಶದಲ್ಲಿ ಪಾಳಿದಿನ ಕೆಲವು ವರ್ಷಗಳಿಂದ ಉದ್ದವಾಗುತ್ತಿದೆ. ಏಕೆ? ದುಡ್ಡಿದ್ದವರು ಕೇಳಿದರು, ಕುರ್ಚಿಯಲ್ಲಿದ್ದವರು ಕೊಟ್ಟರು ಎಂಬ ಪಾಮರ ವಾದವೊಂದಿದೆ. ಅದನ್ನು ನಾವು ಆರಂಭದಲ್ಲೇ ತಿರಸ್ಕರಿಸುತ್ತೇವೆ. ಕೊನೆಯವರೆಗೂ ತಿರಸ್ಕರಿಸಲು ಪ್ರಯತ್ನಪಡುತ್ತೇವೆ.

ಪೂರ್ವಾಚಾರ್ಯರ ಗಣಿತ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಡಂಬಡಿಕೆ 1919ರದು. ಅದರ ಪ್ರಕಾರ ವಾರಕ್ಕೆ 48 ಗಂಟೆ ಕೆಲಸ. ಬ್ರಿಟಿಷ್ ಭಾರತಕ್ಕೆ ಮಾತ್ರ 60. ಉಷ್ಣವಲಯದಲ್ಲಿ ಪದಾರ್ಥಗಳು ಹಿಗ್ಗುತ್ತವೆ ಎಂಬ ಭೌತಶಾಸ್ತ್ರದ ನಿಯಮ ಇಲ್ಲಿ ಕೆಲಸ ಮಾಡಿರಬೇಕು. ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಈ ನಿಯಮವನ್ನು ಒಪ್ಪಲಿಲ್ಲ. ಅವರ ಕಾಲದ ತಿದ್ದುಪಡಿಯಿಂದ 1946ರಲ್ಲಿ ವಾರ 54ರಿಂದ 48 ಗಂಟೆಗೆ ಇಳಿಯಿತು. 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡು ದಿನಕ್ಕೆ 9 ಗಂಟೆಯ ಗಡಿ ಹಾಕಿತು. ಆಮೇಲೆ ಎಪ್ಪತ್ತು ಚಿಲ್ಲರೆ ವರ್ಷ ನಮ್ಮ ಶಾಸ್ತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ವೀಕ್ಷಣೆಗಳು

2020ರ ಮೇ. ಮನುಷ್ಯರು ಮನೆಯೊಳಗಿದ್ದಾಗ ಪಾಳಿದಿನ ಹೊರಗೆ ಬಂದು 10 ಗಂಟೆಗೆ ಬೆಳೆಯಿತು, ವಾರ 60ಕ್ಕೆ ಏರಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿದ್ದರಿಂದ ಜೂನ್‌ನಲ್ಲಿ ಮತ್ತೆ ಕುಗ್ಗಿತು. ಇದನ್ನು ಖಂಡಗ್ರಾಸವೆಂದು ತಿಳಿಯಬೇಕು.

ಅದೇ ವರ್ಷ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಪುಡಿಯಾದವು. ಸಂಬಳ ಸರಿಯಾಗಿ ಬಾರದಿದ್ದುದು, 8 ಗಂಟೆಯ ಪಾಳಿ 12 ಗಂಟೆಯಾದುದು ಕಾರ್ಮಿಕರ ದೂರುಗಳಲ್ಲಿ ಸೇರಿದ್ದವು. ಸಾಮಾನ್ಯರು ಇಂಥ ದೂರಿಗೆ ಪರಿಹಾರವೆಂದರೆ 12 ಅನ್ನು 8 ಮಾಡುವುದು ಎಂದುಕೊಳ್ಳುತ್ತಾರೆ. ಶಾಸ್ತ್ರದ ಸೂಕ್ಷ್ಮ ಬೇರೆ. 2023ರ ಫೆಬ್ರವರಿಯಲ್ಲಿ ಬೊಮ್ಮಾಯಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು 12 ಗಂಟೆಯನ್ನೇ ಕಾನೂನು ಮಾಡಿತು. ವಾರಕ್ಕೆ 48 ಎಂಬ ಅಂಕಿಯನ್ನು ಮುಟ್ಟಲಿಲ್ಲ. ನಾಲ್ಕು ದಿನ ದುಡಿದು ಮೂರು ದಿನ ಮಲಗಿರಿ ಎಂಬ ಆಶಯ. ಮಲಗಿದವರು ಬೇಸರಪಟ್ಟಾರೆಂದು ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ ಮಿತಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಲಾಯಿತು. ಹೆಂಗಸರಿಗೆ ರಾತ್ರಿಪಾಳಿಯೂ ತೆರೆಯಿತು. ಎಲ್ಲಕ್ಕೂ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು. ಗುತ್ತಿಗೆಯ ಹುಡುಗ ಎಚ್‌ಆರ್ ಮೇಜಿನ ಮುಂದೆ ನಿಂತು 'ಒಪ್ಪುವುದಿಲ್ಲ' ಎಂದು ಬರೆದುಕೊಟ್ಟ ಹಸ್ತಪ್ರತಿ ಯಾವ ಭಂಡಾರದಲ್ಲೂ ಈವರೆಗೆ ನಮಗೆ ಸಿಕ್ಕಿಲ್ಲ.

ಆಪಲ್ ಮತ್ತು ಅದರ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಬೆನ್ನುಹತ್ತಿದ್ದರಿಂದ ಈ ಬದಲಾವಣೆ ಬಂತೆಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಆ ಮಾರ್ಚ್‌ನಲ್ಲಿ ಬರೆಯಿತು. ದೂರದರ್ಶಕ ಅಷ್ಟು ದೂರದಲ್ಲಿದ್ದರೆ ವೀಕ್ಷಣೆಯಲ್ಲಿ ದೋಷ ಬರುವುದುಂಟು ಎಂದು ನಾವು ಸುಮ್ಮನಿದ್ದೆವು.

ಮೇನಲ್ಲಿ ಸರ್ಕಾರ ಬದಲಾಯಿತು. ಪಾಳಿದಿನ ಬದಲಾಗಲಿಲ್ಲ. 2024ರ ಜುಲೈನಲ್ಲಿ ಕಾಂಗ್ರೆಸ್ ಸರ್ಕಾರದ ಮುಂದೆ ಐಟಿ ನೌಕರರಿಗೆ 14 ಗಂಟೆಯ ಪ್ರಸ್ತಾವ ಬಂದು ಕೂತಿತು. ಇಲ್ಲಿ ನಮ್ಮ ಸಂಶೋಧನೆಗೆ ದೊಡ್ಡ ಪೆಟ್ಟು ಬಿತ್ತು. ಇದು ತಮ್ಮ ಯೋಚನೆಯಲ್ಲ, ಉದ್ಯಮದವರ ಒತ್ತಡ ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಬಹಿರಂಗವಾಗಿಯೇ ಹೇಳಿಬಿಟ್ಟರು! ಅನುಮಾನ ಪ್ರಮಾಣದಿಂದ ವರ್ಷಗಟ್ಟಲೆ ಸಾಧಿಸಬೇಕಾದುದನ್ನು ಮಂತ್ರಿಗಳು ಹೀಗೆ ಮೈಕಿನ ಮುಂದೆ ಹೇಳಿದರೆ ವಿದ್ವಾಂಸರು ಹೊಟ್ಟೆಗೇನು ಮಾಡಬೇಕು?

ಕಾರಣ ವಿಚಾರ

ಪಾಮರರು ಕೂಡಲೇ ಚುನಾವಣಾ ಬಾಂಡಿನತ್ತ ಬೆರಳು ತೋರುತ್ತಾರೆ. ಆ ಗ್ರಹದ ಲಕ್ಷಣ ಇಷ್ಟು: 2018ರಲ್ಲಿ ಉದಯ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ತಲಾ ಹತ್ತು ದಿನ ಪರ್ವಕಾಲ, ದಾನಕ್ಷೇತ್ರ ಸ್ಟೇಟ್ ಬ್ಯಾಂಕ್. ಬಾಂಡಿನ ಆಯುಷ್ಯ 15 ದಿನ, ಅಂದರೆ ಒಂದು ಪಕ್ಷ. ಯಾವ ಪಕ್ಷ ಎಂದು ಕೇಳುವಂತಿರಲಿಲ್ಲ. ಹಿಂದೆ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 7.5ರಷ್ಟನ್ನು ಮಾತ್ರ ರಾಜಕೀಯ ಪಕ್ಷಗಳಿಗೆ ಕೊಡಬಹುದಿತ್ತು. 2017ರ ಹಣಕಾಸು ಕಾಯ್ದೆ ಆ ಮಿತಿ ತೆಗೆಯಿತು. ನಷ್ಟದಲ್ಲಿ ಮುಳುಗಿದ ಕಂಪನಿಗೂ ದಾನದ ಪುಣ್ಯ ಲಭ್ಯವಾಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಈ ಯೋಜನೆ ಸಂವಿಧಾನಬಾಹಿರ ಎನ್ನುವ ಹೊತ್ತಿಗೆ ಸುಮಾರು 16,500 ಕೋಟಿ ರೂಪಾಯಿಯ ಬಾಂಡುಗಳು ಮಾರಾಟವಾಗಿದ್ದವು. ಅತಿ ದೊಡ್ಡ ಪಾಲು ಬಿಜೆಪಿಗೆ, ಉಳಿದವರೂ ಉಪವಾಸವಿರಲಿಲ್ಲ.

ಕೊಟ್ಟಿದ್ದಕ್ಕೂ ಕಾನೂನಿಗೂ ಸಂಬಂಧವೇನು? ಮೀಮಾಂಸಕರಿಗೂ ಇದೇ ತೊಡಕು ಬಂದಿತ್ತು. ಯಜ್ಞ ಇಂದು ಮುಗಿಯುತ್ತದೆ, ಸ್ವರ್ಗ ಎಂದೋ ಸಿಗುತ್ತದೆ. ನಡುವೆ ಕೊಂಡಿ ಯಾವುದು? ಕಣ್ಣಿಗೆ ಕಾಣದ 'ಅಪೂರ್ವ' ಎಂಬ ಶಕ್ತಿ ಎಂದರು. ನಮ್ಮ ಸಿದ್ಧಾಂತವೂ ಅದೇ. ಯಾವ ದೇಣಿಗೆ ಯಾವ ಕಾನೂನಾಯಿತು ಎಂದು ತೋರಿಸಲಾಗದು. ತೋರಿಸಲಾಗುವಂತಿದ್ದರೆ ಅದು ಅಪೂರ್ವವೇ ಅಲ್ಲ. ಅಮೆರಿಕದಲ್ಲಿ ಯಾರು ಯಾರ ಪರವಾಗಿ ಲಾಬಿ ಮಾಡಿದರೆಂದು ದಾಖಲೆ ಸಲ್ಲಿಸುವ ಕಾನೂನು 1995ರಿಂದ ಇದೆ. ನಮ್ಮಲ್ಲಿ ಇಲ್ಲ. ಶ್ರದ್ಧೆಯಿದ್ದಲ್ಲಿ ರಸೀದಿ ಏಕೆ?

ವಕ್ರಗತಿ ಪ್ರಕರಣ

ಗ್ರಹಗಳು ಆಗಾಗ ಹಿಂದಕ್ಕೂ ಚಲಿಸುತ್ತವೆ. ತಮಿಳುನಾಡು 2023ರ ಏಪ್ರಿಲ್‌ನಲ್ಲಿ ನಮ್ಮದರಂಥದ್ದೇ 12 ಗಂಟೆಯ ಮಸೂದೆ ಅಂಗೀಕರಿಸಿ, ಸಂಘಗಳೂ ಮಿತ್ರಪಕ್ಷಗಳೂ ತಿರುಗಿಬಿದ್ದಾಗ ಮೇ ದಿನದಂದೇ ವಾಪಸು ಪಡೆಯಿತು. ಹೊಸೂರಿನಿಂದ ಅತ್ತಿಬೆಲೆಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ಅಷ್ಟರೊಳಗೆ ಪಾಳಿದಿನ ಮೂರು ಗಂಟೆ ಬೆಳೆಯುತ್ತದೆ. ಅಕ್ಷಾಂಶದ ವ್ಯತ್ಯಾಸದಿಂದ ಇದನ್ನು ವಿವರಿಸಲು ಹೋಗಿ ನಾವು ಕೈಚೆಲ್ಲಿದ್ದೇವೆ.

ಇನ್ನೂ ಸೋಜಿಗದ್ದು ಎರಡು ದಿನಗಳ ಲೆಕ್ಕ. 2024ರ ಜುಲೈ 15ರಂದು ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಸಂಪುಟ ಒಪ್ಪಿತು. ಐಟಿ ಕಂಪನಿಗಳ ಸಂಘವಾದ ನಾಸ್ಕಾಂ ಒಂದು ಹೇಳಿಕೆ ಕೊಟ್ಟಿತು, ಉದ್ಯಮಿಗಳು ಟ್ವೀಟ್ ಮಾಡಿದರು, ಆಂಧ್ರದ ಸಚಿವರು ನಮ್ಮಲ್ಲಿಗೆ ಬನ್ನಿ ಎಂದು ಕರೆದರು. 17ರ ಹೊತ್ತಿಗೆ ಮಸೂದೆ ತಡೆಗೆ ಬಿತ್ತು. 2016ರ ಏಪ್ರಿಲ್‌ನಲ್ಲೂ ಬೆಂಗಳೂರಿನಲ್ಲಿ ಎರಡೇ ದಿನದಲ್ಲಿ ಇಂಥದ್ದೇ ಪವಾಡ ನಡೆದಿತ್ತು. ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಕೂತರು. ದೆಹಲಿ ನಿಯಮ ಹಿಂತೆಗೆಯಿತು. ವೇಗದಲ್ಲಿ ಎರಡೂ ಸಮ. ಒಂದು ವಿಧಾನಕ್ಕೆ ಮೊಬೈಲ್ ಸಾಕು. ಇನ್ನೊಂದಕ್ಕೆ ಸಾವಿರಾರು ಜನ, ಅಶ್ರುವಾಯು, ಲಾಠಿ ಮತ್ತು ಎರಡು ದಿನದ ಸಂಬಳ ಬೇಕು. ಈ ಎರಡನೆಯ ವಿಧಾನಕ್ಕೆ ಇಂಗ್ಲಿಷ್ ಪತ್ರಿಕೆಗಳು 'ಟ್ರಾಫಿಕ್ ಜಾಮ್' ಎಂಬ ಪಾರಿಭಾಷಿಕ ಶಬ್ದ ಬಳಸುತ್ತವೆ.

ಫಲಭಾಗ

2020ರಲ್ಲಿ 10, 2023ರಲ್ಲಿ 12, 2024ರ ಪ್ರಸ್ತಾವದಲ್ಲಿ 14: ಸರಾಸರಿ ವರ್ಷಕ್ಕೆ ಒಂದು ಗಂಟೆ. ವಾರಕ್ಕೆ 70 ಗಂಟೆ ಎಂದ ನಾರಾಯಣಮೂರ್ತಿಯವರೂ 90 ಎಂದ ಎಲ್ ಅಂಡ್ ಟಿ ಮುಖ್ಯಸ್ಥರೂ ಈ ಗತಿಯನ್ನು ಮೊದಲೇ ಕಂಡ ದ್ರಷ್ಟಾರರು. ಇಪ್ಪತ್ತೊಂಬತ್ತು ಕಾರ್ಮಿಕ ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಕುಟ್ಟಿದ್ದೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 300ಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆ ಅವರನ್ನು ಮನೆಗೆ ಕಳಿಸಲು ಇನ್ನು ಸರ್ಕಾರವನ್ನು ಕೇಳಬೇಕಿಲ್ಲವಾದ್ದರಿಂದ ಕೆಲವರ ಪಾಳಿದಿನ ಥಟ್ಟನೆ ಸೊನ್ನೆಗೂ ಇಳಿಯಬಹುದು. ಉಳಿದವರದು ಈಗಿನ ವೇಗದಲ್ಲೇ ಬೆಳೆದರೆ 2034ಕ್ಕೆ 24 ಗಂಟೆ ಮುಟ್ಟುತ್ತದೆ. ಆಗ ಭೂಮಿಯ ಭ್ರಮಣಕ್ಕೇ ತಿದ್ದುಪಡಿ ಬೇಕಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ ಕೊಡಲಿ. 25ನೆಯ ಗಂಟೆಗೆ ಓವರ್‌ಟೈಮ್ ಇಮ್ಮಡಿ ದರದಲ್ಲೋ ಅಲ್ಲವೋ ಎಂಬುದನ್ನು ಕರಡಿನಲ್ಲೇ ಸ್ಪಷ್ಟಪಡಿಸಲಿ.