ಕಾಫಿ ಕುಡಿದದ್ದಕ್ಕೊಂದು ಶಾಲು

ನಾನು ಒಂದು ತೊಟ್ಟನ್ನೂ ಚೆಲ್ಲದೆ ಕಾಫಿ ಕುಡಿಯಬಲ್ಲೆನೆಂಬ ಸಂಗತಿಯು ನಮ್ಮ ಬಡಾವಣೆಯಲ್ಲಿ ಸಾಕಷ್ಟು ಪ್ರಚಾರವನ್ನು ಪಡೆದಿದೆ. ಹುಟ್ಟುಗುರುಡನಾದ ನನಗೆ ನನ್ನ ಬಾಯಿ ಎಲ್ಲಿದೆಯೆಂಬುದು ಶೈಶವದಿಂದಲೂ ಗೊತ್ತು. ಕಣ್ಣುಳ್ಳವರು ಸಹ ಕನ್ನಡಿಯನ್ನು ಎದುರಿಗಿಟ್ಟುಕೊಂಡು ಕಾಫಿ ಕುಡಿಯುವುದಿಲ್ಲವೆಂದು ಬಲ್ಲವರಿಂದ ಕೇಳಿದ್ದೇನೆ. ಆದರೂ ಹೋಟೆಲಿನಲ್ಲಿ ನಾನು ಲೋಟವನ್ನು ಎತ್ತಿದೊಡನೆ ಎದುರು ಮೇಜಿನ ಸಂಭಾಷಣೆ ತಟಕ್ಕನೆ ನಿಲ್ಲುವುದೂ, ಲೋಟವು ಯಾವ ಅಪಾಯವೂ ಇಲ್ಲದೆ ತುಟಿಯನ್ನು ಸೇರಿದಾಗ ಅಲ್ಲಿಂದ ನೆಮ್ಮದಿಯ ನಿಟ್ಟುಸಿರೊಂದು ಹೊರಡುವುದೂ ನನ್ನ ಕಿವಿಗೆ ಸ್ಪಷ್ಟವಾಗಿ ಬೀಳುತ್ತವೆ. ಬಳಿಕ ಯಾರೋ ಒಬ್ಬರು ಎದ್ದುಬಂದು, ಹೆಗಲ ಮೇಲೆ ಕೈಯಿಟ್ಟು, ಕುರುಡರಿಗೆ ಕಿವಿಯೂ ಮಂದವೆಂಬ ನಂಬಿಕೆಯಿಂದಲೋ ಏನೋ, ಉಚ್ಚಸ್ವರದಲ್ಲಿ, “ನಿಮ್ಮನ್ನು ನೋಡಿದರೆ ನಮಗೆಲ್ಲಾ ಸ್ಫೂರ್ತಿ ಸಾರ್!” ಎನ್ನುತ್ತಾರೆ. ಯಾವುದಕ್ಕೆ ಸ್ಫೂರ್ತಿಯೆಂಬುದನ್ನು ಇದುವರೆಗೆ ಯಾರೂ ಹೇಳಿದ್ದಿಲ್ಲ. ಮನೆಗೆ ಹೋಗಿ ಇನ್ನೊಂದು ಲೋಟ ಕಾಫಿಯನ್ನು ಧೈರ್ಯವಾಗಿ ಕುಡಿಯುತ್ತಾರೆಂದು ಊಹಿಸಿಕೊಂಡಿದ್ದೇನೆ.

ಅಂಗಿಯ ಗುಂಡಿಗಳನ್ನು ಸರಿಯಾದ ಕಾಜಗಳಿಗೆ ಸೇರಿಸಿರುವುದು, ಮೆಟ್ಟಿಲಿಳಿಯುವುದು, ಮಳೆ ಬರುವಂತಿದೆಯೆಂದು ಮಳೆಗೆ ಮುಂಚೆಯೇ ಹೇಳುವುದು, ಇವೂ ನನ್ನ ಸಾಧನೆಗಳ ಪಟ್ಟಿಯಲ್ಲಿ ಸೇರಿವೆ. ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸಿ ನಿವೃತ್ತನಾದದ್ದು ಮಾತ್ರ ಆ ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತದೆ. ನಾನು ಮದುವೆಯಾದುದರ ಕೀರ್ತಿಯಂತೂ ಪೂರ್ತಿಯಾಗಿ ನನ್ನ ಹೆಂಡತಿಗೇ ಸಂದಿದೆ. “ನಿಮ್ಮದು ಎಂಥ ದೊಡ್ಡ ಮನಸ್ಸು ತಾಯಿ!” ಎಂದು ಗದ್ಗದಕಂಠರಾದ ಮಹಿಳೆಯೊಬ್ಬರಿಗೆ ಅವಳು, “ಮನಸ್ಸಿನ ಮಾತು ಹಾಗಿರಲಿ ಬಿಡಿ, ಇವರಿಗೆ ಆಗಲೇ ಸರ್ಕಾರಿ ಕೆಲಸ ಆಗಿತ್ತು” ಎಂದು ಉತ್ತರಕೊಟ್ಟಳು.

ಈ ಶ್ಲಾಘನೆಯಿಂದ ಲಾಭವೇ ಇಲ್ಲವೆಂದರೆ ಕೃತಘ್ನತೆಯಾದೀತು. ಮದುವೆಮನೆಯ ಪಂಕ್ತಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಎಲೆಯ ಯಾವ ಯಾವ ಭಾಗದಲ್ಲಿ ಬೀಳಬೇಕೆಂಬುದನ್ನು ನಮ್ಮ ಹಿರಿಯರು ನನ್ನ ಸಲುವಾಗಿಯೇ ನಿಯಮಿಸಿದರೋ ಎಂಬಷ್ಟು ಖಚಿತವಾಗಿ ನಿಯಮಿಸಿಟ್ಟಿದ್ದಾರೆ. ಆ ಕ್ರಮವನ್ನು ನಂಬಿ ನಾನು ಕೈಯಿಟ್ಟಲ್ಲಿ ಕೋಸಂಬರಿ ಸಿಕ್ಕಿತೆಂದರೆ ಬಡಿಸುವವನು ಬೆರಗಾಗಿ ನಿಂತು, ಕೇಳದೆಯೇ ಮತ್ತೊಂದು ಹೋಳಿಗೆಯನ್ನು ಹಾಕಿ, ಅದರ ಮೇಲೆ ತುಪ್ಪವನ್ನೂ ಸುರಿಯುತ್ತಾನೆ. ಅಂಥ ಸಮಯದಲ್ಲಿ ತತ್ತ್ವವನ್ನು ಮುಂದೊಡ್ಡಿ ಹೋಳಿಗೆಯನ್ನು ನಿರಾಕರಿಸುವಷ್ಟು ಅವಿವೇಕ ನನಗಿಲ್ಲ.

ಕಷ್ಟವೆಲ್ಲ ಸನ್ಮಾನಗಳದು. ಒಮ್ಮೆ ನನ್ನನ್ನೂ ನನ್ನ ಮಿತ್ರರೊಬ್ಬರನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿ ಗೌರವಿಸುವ ಸಂಕಲ್ಪವನ್ನು ಸಂಘವೊಂದು ಕೈಗೊಂಡಿತು. ಮಿತ್ರರು ಪೋಲಿಯೋದಿಂದ ಕಾಲಿನ ಶಕ್ತಿಯನ್ನು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಓಡಾಡುವವರು. ತೆರಿಗೆಯ ಲೆಕ್ಕಾಚಾರದಲ್ಲಿ ಘಟಾನುಘಟಿಗಳು. ಸಭಾಂಗಣವು ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ನಾಲ್ವರು ಕಾರ್ಯಕರ್ತರು ಅವರನ್ನು ಕುರ್ಚಿಸಮೇತ ಉತ್ಸವಮೂರ್ತಿಯಂತೆ ಹೊತ್ತು ಮೇಲಕ್ಕೆ ತಂದಿಳಿಸಿ ಇನ್ನೂ ಏದುಸಿರು ಬಿಡುತ್ತಿರುವಾಗಲೇ, ಅಧ್ಯಕ್ಷರು ಧ್ವನಿವರ್ಧಕದ ಮುಂದೆ ನಿಂತು, ಇವರು ಜೀವನದ ಸಕಲ ಅಡೆತಡೆಗಳನ್ನೂ ಮೆಟ್ಟಿ ನಿಂತ ಮಹಾನುಭಾವರೆಂದು ಘೋಷಿಸಿದರು. ಆ ಕಟ್ಟಡವನ್ನು ಕಟ್ಟಿಸಿದವರು ಯಾರೆಂದು ಮಿತ್ರರು ನನ್ನ ಕಿವಿಯಲ್ಲಿ ವಿಚಾರಿಸಿದರು. ಅಧ್ಯಕ್ಷರೇ ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ತೆರಿಗೆಯ ವಿಷಯವನ್ನು ಆ ದಿನ ಯಾರೂ ಎತ್ತಲಿಲ್ಲ. ತರುವಾಯ ನಮ್ಮಿಬ್ಬರ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇವು ಕ್ರಮವಾಗಿ ಬಂದು ಕುಳಿತವು. ನನಗೆ ವಿಶೇಷವಾಗಿ ಗಾಜು ಹಾಕಿಸಿದ ಚೌಕಟ್ಟಿನೊಳಗೆ ಒಂದು ಬಿನ್ನವತ್ತಳೆಯನ್ನೂ, ಟಿಕ್ ಎಂಬ ಸದ್ದನ್ನು ಸಹ ಮಾಡದ ಹೊಸ ಬಗೆಯ ಗೋಡೆ ಗಡಿಯಾರವೊಂದನ್ನೂ ಕೊಟ್ಟರು. ಬಿನ್ನವತ್ತಳೆಯಲ್ಲಿ ಏನು ಬರೆದಿದೆಯೆಂದು ಮನೆಯಲ್ಲಿ ಓದಿಸಿದೆ. ನನ್ನ ಒಳಗಣ್ಣು ಸದಾ ತೆರೆದಿರುತ್ತದೆಯಂತೆ. ಗಡಿಯಾರದಲ್ಲಿ ಗಂಟೆ ಎಷ್ಟಾಯಿತೆಂದು ತಿಳಿಯುವುದಕ್ಕೆ ಆ ಕಣ್ಣು ಈವರೆಗೆ ಒದಗಿಲ್ಲ.

ಇದನ್ನೆಲ್ಲ ನಕ್ಕು ಮರೆಯಬಹುದಾಗಿತ್ತು. ಆದರೆ ಎಲ್ಲಿ ಸ್ತುತಿಯು ಧಾರಾಳವಾಗಿರುತ್ತದೆಯೋ ಅಲ್ಲಿ ಬೇರೆ ಯಾವುದೋ ಒಂದನ್ನು ಕೊಡದೆ ಉಳಿಸಿಕೊಳ್ಳುವ ಉಪಾಯವು ಅಡಗಿರುತ್ತದೆಂಬ ಸಂಶಯ ನನಗೆ ಬ್ಯಾಂಕೊಂದರಲ್ಲಿ ಹುಟ್ಟಿತು. ಕುರುಡರೆಂಬ ಕಾರಣಕ್ಕಾಗಿ ಚೆಕ್ ಪುಸ್ತಕ, ಎಟಿಎಂ ಕಾರ್ಡು, ಲಾಕರು ಮೊದಲಾದ ಯಾವ ಸೌಲಭ್ಯವನ್ನೂ ನಿರಾಕರಿಸಕೂಡದೆಂದು ರಿಸರ್ವ್ ಬ್ಯಾಂಕು 2008ರ ಜೂನ್ ತಿಂಗಳಿನಲ್ಲಿ ಸುತ್ತೋಲೆ ಹೊರಡಿಸಿ ಅದೆಷ್ಟೋ ಕಾಲವಾಗಿತ್ತು. ವ್ಯವಸ್ಥಾಪಕರು ನನ್ನನ್ನು ಒಳಗೆ ಕರೆದು ಕೂರಿಸಿ, ನನ್ನಂಥವರಿಂದ ದೇಶದ ಯುವಜನತೆ ಕಲಿಯಬೇಕಾದದ್ದು ಬಹಳವಿದೆಯೆಂದು ಹೇಳಿ, ಬಾದಾಮಿ ಹಾಲನ್ನು ತರಿಸಿ, ಅದನ್ನು ನಾನು ಚೆಲ್ಲದೆ ಕುಡಿದದ್ದನ್ನು ಮೆಚ್ಚಿ, ಅನಂತರ ಚೆಕ್ ಪುಸ್ತಕವನ್ನು ಮಾತ್ರ ಕೊಡಲಾಗದೆಂದೂ, ಹಣ ತೆಗೆಯಬೇಕಾದಾಗ ಕಣ್ಣುಳ್ಳ ಸಾಕ್ಷಿಯೊಬ್ಬರನ್ನು ಕರೆತರಬೇಕೆಂದೂ ಅಪ್ಪಣೆ ಕೊಡಿಸಿದರು. ನನ್ನ ಹಿಂದೆ ನಿಂತಿದ್ದ ಹಾಲಿನ ವ್ಯಾಪಾರಿಯನ್ನು ಯಾರೂ ಹೊಗಳಲಿಲ್ಲ. ಅವನು ಚೆಕ್ ಪುಸ್ತಕವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಆಸ್ಟ್ರೇಲಿಯಾದಲ್ಲಿ ಸ್ಟೆಲಾ ಯಂಗ್ ಎಂಬ ಪತ್ರಕರ್ತೆಯೊಬ್ಬರಿದ್ದರು. ಗಾಲಿಕುರ್ಚಿಯಲ್ಲಿ ಓಡಾಡುತ್ತ, ಜನರನ್ನು ನಗಿಸುವುದನ್ನೂ ವೃತ್ತಿಯಾಗಿ ಮಾಡಿಕೊಂಡಿದ್ದವರು. 2014ರಲ್ಲಿ ಸಿಡ್ನಿಯಲ್ಲಿ ಮಾಡಿದ ಭಾಷಣವೊಂದರಲ್ಲಿ, ತಮಗೆ 15 ವರ್ಷವಾಗಿದ್ದಾಗ ಊರಿನವರೊಬ್ಬರು ತಮ್ಮ ಹೆಸರನ್ನು ಸಾಧನೆಯ ಪ್ರಶಸ್ತಿಗೆ ಸೂಚಿಸಲು ಬಂದುದನ್ನೂ, ಆಗ ತಂದೆತಾಯಿಗಳು ಸಂತೋಷವೇನೋ ಸರಿ, ಆದರೆ ಹುಡುಗಿ ಏನನ್ನೂ ಸಾಧಿಸಿಲ್ಲವಲ್ಲ ಎಂದುದನ್ನೂ ಅವರು ಹೇಳಿದರು. ಮುಂದೆ ಅವರು ಮೆಲ್ಬರ್ನಿನ ಶಾಲೆಯೊಂದರಲ್ಲಿ ಕಾನೂನಿನ ಪಾಠ ಮಾಡುತ್ತಿದ್ದಾಗ, ಪಾಠವು ಸಾಕಷ್ಟು ದೂರ ಸಾಗಿದ ಮೇಲೆ ಹುಡುಗನೊಬ್ಬ ಕೈಯೆತ್ತಿ, ತಾವು ಸ್ಫೂರ್ತಿಯ ಭಾಷಣವನ್ನು ಯಾವಾಗ ಆರಂಭಿಸುತ್ತೀರಿ ಎಂದು ಕೇಳಿದನಂತೆ. ಗಾಲಿಕುರ್ಚಿಯ ಮೇಲೆ ಕುಳಿತವರು ಪಾಠ ಹೇಳಲಿಕ್ಕೂ ಬರಬಹುದೆಂಬುದು ಆ ಬಾಲಕನಿಗೆ ತೋಚಿರಲಿಲ್ಲ. ಆ ಭಾಷಣ ಮಾಡಿದ ವರ್ಷದ ಡಿಸೆಂಬರಿನಲ್ಲಿಯೇ, 32ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು. ಆ ತಂದೆತಾಯಿಗಳಿಗೆ ಒಂದು ಶಾಲು ಹೊದಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಷ್ಟಾವಕ್ರನು ಜನಕನ ಸಭೆಯನ್ನು ಪ್ರವೇಶಿಸಿದಾಗ ಅಲ್ಲಿದ್ದ ಪಂಡಿತರು ಅವನ ದೇಹದ ಎಂಟು ವಕ್ರತೆಗಳನ್ನು ಕಂಡು ನಕ್ಕರೆಂದು ಕತೆಯಿದೆ. ನಗು ಕೆಟ್ಟದ್ದು, ನಿಜ. ಆದರೆ ನಕ್ಕವರು ಕೊನೆಗೆ ಕುಳಿತು ಅವನ ವಾದವನ್ನು ಕೇಳಿದರು, ಆಸ್ಥಾನಪಂಡಿತನಾದ ವಂದಿಯು ಸೋತನೆಂಬುದನ್ನು ಒಪ್ಪಿಕೊಂಡರು. ಈಗಿನ ಕಾಲದಲ್ಲಾಗಿದ್ದರೆ ಅವನು ಬಾಗಿಲಲ್ಲಿ ಕಾಣಿಸಿಕೊಂಡೊಡನೆಯೇ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿ, ಪೇಟ ತೊಡಿಸಿ, ಫೋಟೋ ತೆಗೆಸಿಕೊಂಡು, ಊಟಕ್ಕೆ ಎಬ್ಬಿಸಿಬಿಡುತ್ತಿತ್ತು. ವಾದಕ್ಕೆ ಸಮಯವೇ ಇರುತ್ತಿರಲಿಲ್ಲ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶರು 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಎತ್ತರವನ್ನು ಹಾರಿ ಬೆಳ್ಳಿಯ ಪದಕ ತಂದಾಗ ನಮ್ಮವರು ಅದ್ಭುತವೆಂದರು. ನಾನು ಬಸ್ಸಿನಿಂದ ಇಳಿದಾಗಲೂ ಅದನ್ನೇ ಎನ್ನುತ್ತಾರೆ. ಇದರಿಂದ ನನಗೇನೂ ನಷ್ಟವಿಲ್ಲ, ಗಿರೀಶರಿಗೆ ಅನ್ಯಾಯವಾಗುತ್ತದೆ.

ಈ ಉಪದ್ರವದಿಂದ ನನಗೆ ಬಿಡುಗಡೆಯಿರುವುದು ಸಂಜೆಯ ಹೊತ್ತು, ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರೊಂದಿಗೆ ಚದುರಂಗಕ್ಕೆ ಕೂತಾಗ ಮಾತ್ರ. ನಮ್ಮ ಹಲಗೆಯಲ್ಲಿ ಕಪ್ಪು ಮನೆಗಳು ಬಿಳಿಯವುಗಳಿಗಿಂತ ತುಸು ಎತ್ತರ; ಪ್ರತಿಯೊಂದು ಮನೆಯ ನಡುವೆ ತೂತು, ಪ್ರತಿಯೊಂದು ಕಾಯಿಯ ಅಡಿಯಲ್ಲಿ ಗೂಟ; ಕಪ್ಪು ಕಾಯಿಗಳಿಗೆ ಬೆರಳಿಗೆ ತಿಳಿಯುವ ಗುರುತು. ಕೈಯಾಡಿಸಿದರೆ ರಣರಂಗವೆಲ್ಲ ತಿಳಿಯುತ್ತದೆ. ಪೋಸ್ಟ್‌ಮಾಸ್ಟರರು ಸೋಲನ್ನು ಸಹಿಸುವ ಸ್ವಭಾವದವರಲ್ಲ. ಮೊನ್ನೆ ಮಂತ್ರಿಯನ್ನು ಕಳೆದುಕೊಂಡು, ಅದರ ಹಿಂದೆಯೇ ಆಟವನ್ನೂ ಕಳೆದುಕೊಂಡಾಗ ಹಲಗೆಯನ್ನು ಗುದ್ದಿ, “ಮುಟ್ಟಿ ನೋಡುವ ನೆಪದಲ್ಲಿ ನನ್ನ ಕುದುರೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದ್ದೀರಿ ಸ್ವಾಮಿ! ಕಣ್ಣಾರೆ ಕಂಡಿದ್ದೇನೆ. ನಾಳೆಯಿಂದ ಸಾಕ್ಷಿಯಿಲ್ಲದೆ ನಿಮ್ಮ ಜೊತೆ ಆಡುವವನಲ್ಲ” ಎಂದು ಕೂಗಾಡಿದರು. ಬ್ಯಾಂಕಿನವರು ಸಾಕ್ಷಿಯನ್ನು ಕೇಳಿದ್ದು ನಾನು ಮೋಸಹೋದೇನೆಂಬ ಭಯದಿಂದ. ಇವರು ಕೇಳಿದ್ದು ನಾನು ಮೋಸಮಾಡಿಯೇನೆಂಬ ಭಯದಿಂದ. ನಾನು ಪರಮಾನಂದದಿಂದ ಒಪ್ಪಿಕೊಂಡೆ, ಒಳಗಿನಿಂದ ಇಬ್ಬರಿಗೂ ಕಾಫಿ ತರಿಸಿದೆ. ಆ ಕುದುರೆಯನ್ನು ನಾನು ಸರಿಸಿದ್ದೆನೋ ಇಲ್ಲವೋ ಎಂಬುದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.