ಒಂಬತ್ತು ಕಿಲೋಮೀಟರಿನ ಭಾವ

ಎರಡು ಸಾವಿರ ರೂಪಾಯಿ ದಂಡ ಕಟ್ಟಲು ಮನಸ್ಸಾಗದೆ, ಅದಕ್ಕಿಂತ ದುಬಾರಿಯಾದ ಫೈಲೊಂದನ್ನು ವರ್ಷಗಟ್ಟಲೆ ಸಾಕುವವರು ಮುಂಬಯಿಯ ಪ್ರತಿ ಹೌಸಿಂಗ್ ಸೊಸೈಟಿಯಲ್ಲೂ ಒಬ್ಬರಾದರೂ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. ಲಿಫ್ಟಿನಲ್ಲಿ ನೀವು ‘ಹೇಗಿದ್ದೀರಿ’ ಎಂದರೆ ಅವರು ‘ಘಾಟ್‌ಕೋಪರ್ ಹತ್ತಿರ ಹೊಸ ಕ್ಯಾಮೆರಾ ನೋಡಿದಿರಾ?’ ಎನ್ನುತ್ತಾರೆ. ಅವರ ಮೊಬೈಲಿನಲ್ಲಿ ಮೊಮ್ಮಕ್ಕಳ ಫೋಟೊಗಳಿಗಿಂತ ರಸ್ತೆ ಫಲಕಗಳ ಫೋಟೊಗಳು ಹೆಚ್ಚು: ಕೊಂಬೆ ಮುಚ್ಚಿದ ಫಲಕ, ಪುಢಾರಿಯ ಹುಟ್ಟುಹಬ್ಬದ ಬ್ಯಾನರು ಮುಚ್ಚಿದ ಫಲಕ, ಯಾರೂ ಮುಚ್ಚದಿದ್ದರೂ ಓದಲಾಗದಷ್ಟು ಮಾಸಿದ ಫಲಕ. ಕ್ಯಾಮೆರಾ ಕಂಬ ಸಮೀಪಿಸಿದಾಗ ಅವರ ಕಾರು ಮಂಟಪಕ್ಕೆ ಬರುವ ಮದುಮಗಳಂತೆ ನಡೆಯುತ್ತದೆ. ಕಂಬ ದಾಟಿತೋ, ಆ ನಾಚಿಕೆ ಅಲ್ಲಿಗೇ ಮುಗಿಯಿತು.

ಪವಾಯಿಯ ನಮ್ಮ ಸೊಸೈಟಿಗೆ ಸಿಕ್ಕಿರುವವರು, ದುರದೃಷ್ಟಕ್ಕೆ, ನನ್ನ ಹೆಂಡತಿಯ ಅಣ್ಣ. ಉಳಿದವರಿಗೆ ತಂತಮ್ಮ ಮಹಡಿ ಬಂದಾಗ ಬಿಡುಗಡೆಯಿದೆ. ನನ್ನ ಹಿಂದೆ ಭಾವ ಮನೆಯೊಳಗೂ ಬರುತ್ತಾರೆ.

ಕುಂದಾಪುರದ ಕಡೆಯವರು. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಿವೃತ್ತರಾದರು ಎಂದು ಹೇಳುವುದು ವಾಡಿಕೆ. ಬ್ಯಾಂಕಿನಿಂದ ನಿವೃತ್ತರಾದದ್ದು ನಿಜ, ಇನ್‌ಸ್ಪೆಕ್ಷನ್ನಿನಿಂದ ಇನ್ನೂ ಆಗಿಲ್ಲ. ಹೋಟೆಲಿನ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ಓದುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೆ ನಾಟಕಕ್ಕೆ ಹೋದರೆ ಪರದೆ ಎಷ್ಟು ನಿಮಿಷ ತಡವಾಗಿ ಎದ್ದಿತೆಂದು ಆಮಂತ್ರಣ ಪತ್ರದ ಅಂಚಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ನಾಟಕ ಹೇಗಿತ್ತೆಂದು ಕೇಳಿದರೆ ಹನ್ನೆರಡು ನಿಮಿಷ ಎನ್ನುತ್ತಾರೆ.

ಇಂಥವರಿಗೆ ಅತಿವೇಗದ ಚಲನ್ ಬಂದಿದೆ ಎಂಬ ಸುದ್ದಿಯನ್ನು ಸೊಸೈಟಿ ಮೊದಲು ನಂಬಲಿಲ್ಲ. ಪವಾಯಿಯಲ್ಲಿ ವೇಗವೇ? ಜೋಗೇಶ್ವರಿ-ವಿಕ್ರೋಳಿ ಲಿಂಕ್ ರೋಡಿನ ನಡುವೆ ಮೆಟ್ರೊ 6ರ ಕಂಬಗಳು ಎದ್ದ ಮೇಲೆ ಐಐಟಿ ಮೇನ್ ಗೇಟಿನಿಂದ ಗಾಂಧಿನಗರ ಜಂಕ್ಷನ್ ತಲುಪುವಷ್ಟರಲ್ಲಿ ಎಫ್‌ಎಂನವರು ಮೂರು ಸಲ ಅದೇ ಹಾಡು ಹಾಕಿರುತ್ತಾರೆ. ಪವಾಯಿ ಕೆರೆಯಲ್ಲಿ ಮೊಸಳೆಗಳಿವೆ. ಸಂಜೆಯ ಹೊತ್ತು ದಡದ ರಸ್ತೆಯ ಮೇಲಿರುವ ನಮಗಿಂತ ಅವುಗಳ ಓಡಾಟವೇ ಚುರುಕು. ಈ ಭಾಗಕ್ಕೆ ಆದಿ ಶಂಕರಾಚಾರ್ಯ ಮಾರ್ಗ ಎಂದು ಹೆಸರಿಟ್ಟವರು ಮುಂದಾಲೋಚನೆ ಉಳ್ಳವರೇ ಇರಬೇಕು. ಇಲ್ಲಿ ಚಲನೆ ಎಂಬುದೇ ಮಾಯೆ.

ಭಾವನಿಗೆ ಚಲನ್ ಬಿದ್ದದ್ದು ಬೇರೆ ಕಡೆ. ಊರಿನಿಂದ ಚಿಕ್ಕಮ್ಮ ಮತ್ಸ್ಯಗಂಧ ರೈಲಿನಲ್ಲಿ ಬರುವವರಿದ್ದರು, ಜೊತೆಗೆ ಹಲಸಿನ ಹಪ್ಪಳ, ಕುಚ್ಚಲಕ್ಕಿ ಮತ್ತು ಒಂದು ಕುಂಬಳಕಾಯಿ. ಠಾಣೆಯಲ್ಲಿ ಇಳಿಸಿಕೊಳ್ಳಬೇಕು. ಬೆಳಕು ಹರಿಯುವ ಮೊದಲೇ ಹೊರಟ ಭಾವನಿಗೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಪೂರ್ತಿ ಖಾಲಿ ಸಿಕ್ಕಿತು. ಪವಾಯಿಯಲ್ಲಿ ಬಾಳಿದವನಿಗೆ ಖಾಲಿ ರಸ್ತೆ ಎಂದರೆ ಏನು ಎಂಬುದು ಬೇರೆಯವರಿಗೆ ತಿಳಿಯದು. ಮಿತಿಗಿಂತ ಒಂಬತ್ತು ಕಿಲೋಮೀಟರ್ ಹೆಚ್ಚು ಓಡಿಸಿದ್ದು ದಾಖಲಾಯಿತು. ಮೆಸೇಜು ಬಂದಾಗ ಚಿಕ್ಕಮ್ಮ ತಂದ ಹಪ್ಪಳ ಇನ್ನೂ ಮುಗಿದಿರಲಿಲ್ಲ.

‘ಒಂಬತ್ತು, ಭಾವ! ತೊಂಬತ್ತಲ್ಲ,’ ಎಂದರು ನನಗೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ, ಮಹಾರಾಷ್ಟ್ರ ಅದನ್ನು 2021ರ ಡಿಸೆಂಬರಿನವರೆಗೆ ಎಳೆದಾಡಿ ಜಾರಿಗೆ ತಂದಿತು. ಆಮೇಲೆ ಕಾರಿನವರಿಗೆ ಅತಿವೇಗಕ್ಕೆ 2,000 ರೂಪಾಯಿ. ಅಂದರೆ ಒಂದು ಕಿಲೋಮೀಟರಿಗೆ ಎಷ್ಟು ಬಿತ್ತು ಎಂಬುದನ್ನು ಅವರು ಪೈಸೆವರೆಗೆ ಲೆಕ್ಕ ಹಾಕಿದ್ದರು. ಹಾಗಾದರೆ ಮೂವತ್ತು ಹೆಚ್ಚು ಓಡಿಸಿದವನಿಗೆ ರೇಟು ಅಗ್ಗವಾಯಿತಲ್ಲ, ಇದು ಯಾವ ಸೀಮೆಯ ನ್ಯಾಯ ಎಂಬುದು ಅವರ ಪ್ರಶ್ನೆ. ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಅಲ್ಲಿಗೆ ಫೈಲು ತೆರೆಯಿತು. ಮೊದಲ ನಿಯಮ: ಚಲನ್ ತೋರಿಸುವ ಸರಕಾರಿ ಆ್ಯಪನ್ನು ಮುಟ್ಟಕೂಡದು. ‘ತೆರೆದರೆ ನೋಟಿಸು ಸ್ವೀಕರಿಸಿದ ಹಾಗೆ,’ ಎಂದರು. ಇದು ಯಾವ ಕಾನೂನಿನಲ್ಲಿದೆಯೋ ತಿಳಿಯದು. ಆದರೆ ಉಳಿದ ಅಂಶಗಳು ನಿಜಕ್ಕೂ ಕಾನೂನಿನಲ್ಲಿದ್ದವು. ಕಾಯ್ದೆಯ 136ಎ ಸೆಕ್ಷನ್, ಅದರಡಿ 2021ರ ಆಗಸ್ಟಿನಲ್ಲಿ ಬಂದ 167ಎ ನಿಯಮ. ವೇಗ ಅಳೆಯುವ ಯಂತ್ರಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದು ವರ್ಷ ವರ್ಷ ನವೀಕರಣವಾಗಬೇಕು. ಕ್ಯಾಮೆರಾ ಇದೆಯೆಂಬ ಎಚ್ಚರಿಕೆಯ ಫಲಕ ಕಣ್ಣಿಗೆ ಬೀಳುವಂತಿರಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟಿಸು ಹೋಗಬೇಕು. ಭಾವ ಇವನ್ನು ಊಟಕ್ಕೆ ಕುಳಿತಾಗ ಸಾರಿಗೂ ಮಜ್ಜಿಗೆಗೂ ನಡುವೆ ಹೇಳುತ್ತಿದ್ದರು. ಮನೆಯವರಿಗೆಲ್ಲ 167ಎ ಬಾಯಿಪಾಠ. ನನ್ನ ಮಗಳು ಅದನ್ನು ವೈಫೈ ಪಾಸ್‌ವರ್ಡ್ ಮಾಡಿಕೊಂಡಳು.

ಫಲಕದ ತನಿಖೆಗೆ ನನ್ನನ್ನೂ ಕರೆದೊಯ್ದರು. ಆ ಭಾನುವಾರದ ಬಗ್ಗೆ ಹೆಚ್ಚು ಹೇಳಲು ಇಷ್ಟವಿಲ್ಲ, ಹೇಳದೆ ಇರಲೂ ಆಗುವುದಿಲ್ಲ. ಚಲಿಸುವ ಕಾರಿನಿಂದ ತೆಗೆದ ಫೋಟೊ ಅಲುಗಾಡಿತ್ತು. ಅಲುಗಾಡಿದ ಪುರಾವೆಯನ್ನು ಯಾವ ಆಡಿಟರೂ ಒಪ್ಪುವುದಿಲ್ಲ. ಆದ್ದರಿಂದ ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ, ಇಂಡಿಕೇಟರು ಹಾಕಿ, ಟೇಪು ಹಿಡಿದು ಇಳಿದರು. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿ. ಡಂಪರುಗಳು ಹಾಯ್ದಾಗ ನನ್ನ ಅಂಗಿ ನನಗಿಂತ ಮೊದಲು ಠಾಣೆಯ ಕಡೆ ಹೊರಡುತ್ತಿತ್ತು. ಫಲಕ ಇತ್ತು, ಸ್ಪಷ್ಟವಾಗಿಯೇ ಇತ್ತು, ಮೇಲೆ ಕಾಗೆ ಕೂಡ ಕೂತಿರಲಿಲ್ಲ. ಭಾವ ಅದರ ಎದುರು ಬಹಳ ಹೊತ್ತು ನಿಂತು, ‘ಬೆಳಗಿನ ಜಾವ ಕತ್ತಲೆ ಇತ್ತು’ ಎಂದು ಬರೆದುಕೊಂಡರು. ಮರುವಾರ ಎರಡನೆಯ ಚಲನ್ ಬಂತು: ನಿಲುಗಡೆ ನಿಷೇಧದ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ. ಅದರ ಫೋಟೊದಲ್ಲಿ ಟೇಪು ಹಿಡಿದ ನಾನೂ ಇದ್ದೇನೆ. ಸಾಕಷ್ಟು ಚೆನ್ನಾಗಿಯೇ ಬಂದಿದ್ದೇನೆ.

ಈ ನಡುವೆ ಭಾವ ಓದಲು ಶುರುಮಾಡಿದರು. ಇಂಗ್ಲೆಂಡಿನ ಕೆಂಟ್‌ನಲ್ಲಿ 1896ರ ಜನವರಿಯಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬವನು ಗಂಟೆಗೆ 2 ಮೈಲಿಯ ಮಿತಿಯಿದ್ದಲ್ಲಿ 8 ಮೈಲಿ ಓಡಿಸಿದ. ಕಾನ್‌ಸ್ಟೇಬಲ್ ಸೈಕಲ್ ತುಳಿದು ಬೆನ್ನಟ್ಟಿ ಹಿಡಿದ. ಒಂದು ಶಿಲ್ಲಿಂಗ್ ದಂಡ. ‘ನೋಡಿ, ಆ ಪೊಲೀಸನೂ ಬೆವರು ಸುರಿಸಿದ. ನನ್ನನ್ನು ಹಿಡಿದವರು ಎಸಿಯಲ್ಲಿದ್ದರು,’ ಎಂಬುದು ಅವರ ಟಿಪ್ಪಣಿ. ವೇಗ ಹಿಡಿಯುವ ಕ್ಯಾಮೆರಾ ಮಾಡಿದ ಡಚ್ಚಿನವ ಮಾರಿಸ್ ಗಾಟ್ಸೋನಿಡೀಸ್ ರ‍್ಯಾಲಿ ಚಾಲಕ, 1953ರ ಮಾಂಟೆ ಕಾರ್ಲೊ ಗೆದ್ದವನು, ತಿರುವುಗಳಲ್ಲಿ ತಾನು ಇನ್ನೂ ಜೋರಾಗಿ ಓಡಿಸುವುದು ಹೇಗೆಂದು ಅಳೆಯಲು ಆ ಯಂತ್ರ ಮಾಡಿಕೊಂಡ ಎಂದು ತಿಳಿದ ರಾತ್ರಿ ಭಾವ ನಿದ್ದೆ ಮಾಡಲಿಲ್ಲವಂತೆ. ಫಿನ್ಲೆಂಡಿನಲ್ಲಿ ದಂಡ ಆದಾಯಕ್ಕೆ ತಕ್ಕಂತೆ; ಅಲ್ಲಿ 2023ರಲ್ಲಿ ಒಬ್ಬ ಶ್ರೀಮಂತ 50ರ ರಸ್ತೆಯಲ್ಲಿ 82 ಓಡಿಸಿ 1,21,000 ಯೂರೋ ತೆತ್ತ. ಇದನ್ನು ಹೇಳುವಾಗ ಭಾವನ ಮುಖ ಅರಳಿತ್ತು. ತಮ್ಮ ಪೆನ್ಶನ್ನಿಗೆ, ಮೂರು ಫಿಕ್ಸೆಡ್ ಡಿಪಾಸಿಟ್ಟಿನ ಬಡ್ಡಿಗೆ ಅದೇ ಲೆಕ್ಕ ಹಾಕಿ ನೋಡಿದ ಮೇಲೆ ಫಿನ್ಲೆಂಡಿನ ಮಾತು ನಿಂತಿತು.

ಒಮ್ಮೆ ನಾನೂ ಸಿಟ್ಟಿನಿಂದ ಅಂಕಿ ಎತ್ತಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರದ ವರದಿಯ ಪ್ರಕಾರ ಅದರಲ್ಲಿ ನೂರಕ್ಕೆ 71 ಅತಿವೇಗದಿಂದ. ವೇಗ ಎರಡರಷ್ಟಾದರೆ ಬ್ರೇಕು ಹಾಕಿದ ಮೇಲೂ ಕಾರು ಎಳೆದುಕೊಂಡು ಹೋಗುವ ದೂರ ನಾಲ್ಕರಷ್ಟು. ಚಾಲಕರಿಗೆ ನ್ಯಾಯ ಸಿಕ್ಕಿದೆಯೇ ಎಂದು ಕೇಳುವವರು ರಸ್ತೆ ದಾಟುವವರನ್ನು ಒಂದು ಮಾತು ಕೇಳಬಾರದೇ? ಐಐಟಿ ಎದುರು ಮಗುವಿನ ಕೈ ಹಿಡಿದು ಸಿಗ್ನಲ್ಲಿಗೆ ಕಾಯುವ ಹೆಂಗಸಿನ ಫೈಲು ಎಲ್ಲಿದೆ? ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಕಾರಣ ಗೊತ್ತಾಗದಿದ್ದರೆ ಪೊಲೀಸರು ಅತಿವೇಗ ಎಂದು ಬರೆದು ಕಾಲಂ ತುಂಬಿಸುತ್ತಾರೆ. ಗುಂಡಿ ಎಂದು ಬರೆದರೆ ಸರಕಾರದ ತಪ್ಪಾಗುತ್ತದಲ್ಲ. ನಾನು ಬ್ರಾಂಚುಗಳಲ್ಲಿ ಇಂಥ ಕಾಲಂ ಎಷ್ಟು ನೋಡಿಲ್ಲ!’ ಎಂದರು. ಅದರಲ್ಲಿ ಸತ್ಯ ಇಲ್ಲವೆನ್ನಲಾರೆ. ಅದೇ ನನ್ನ ತೊಂದರೆ: ಭಾವ ಪೂರ್ತಿ ತಪ್ಪಿದ್ದಿದ್ದರೆ ನಾನು ಸುಖವಾಗಿರುತ್ತಿದ್ದೆ.

ಅವರ ಅಸಲು ದುಃಖ ಹವಾಲ್ದಾರನದು. ಮುಂಬಯಿಗೆ 2016ರಲ್ಲಿ ಇ-ಚಲನ್ ಬಂತು. ಅದಕ್ಕೆ ಮೊದಲು ಪಾವತಿ ಪುಸ್ತಕ ಹಿಡಿದು ಮೂಲೆಯಲ್ಲಿ ಮರೆಯಾಗಿ ನಿಲ್ಲುವ ಹವಾಲ್ದಾರನಿದ್ದ. ಊರಿಂದ ಬಂದ ಹೊಸತರಲ್ಲಿ ಭಾವ ಮರಾಠಿ ಕಲಿತದ್ದು ಅವನೊಡನೆ ಜಗಳವಾಡಿಯೇ. ‘ಸಾಹೇಬ್, ಜಾವೂ ದ್ಯಾ ನಾ’ ಎಂಬಲ್ಲಿಂದ ಆರಂಭಿಸಿ ಕಾಯ್ದೆ, ಕರುಣೆ, ಮುಂಗಾರು, ಮಗಳ ಪರೀಕ್ಷೆ ಎಲ್ಲ ಮುಗಿಯುವ ಹೊತ್ತಿಗೆ ಇಬ್ಬರೂ ಚಹಾದ ಗಾಡಿ ಮುಂದೆ ನಿಂತಿರುತ್ತಿದ್ದರಂತೆ. ಚಹಾದ ಜೊತೆ ಕೈ ಬದಲಾಯಿಸುತ್ತಿದ್ದ ನೋಟಿನ ವಿಷಯವನ್ನು ಈ ಕಥೆಯಲ್ಲಿ ಭಾವ ಹೇಳುವುದಿಲ್ಲ, ಅತ್ತಿಗೆ ಹೇಳುತ್ತಾರೆ. ಕ್ಯಾಮೆರಾ ಚಹಾ ಕುಡಿಯುವುದಿಲ್ಲ. ಅದರ ಮುಂದೆ ಬ್ಯಾಂಕಿನವನೂ ಒಂದೇ, ಬಿಲ್ಡರೂ ಒಂದೇ. ನನಗೆ ಅದು ನ್ಯಾಯವಾಗಿ ಕಾಣುತ್ತದೆ, ಅವರಿಗೆ ಅವಮಾನವಾಗಿ. ‘ಅದು ನನ್ನನ್ನು ಏನೂ ಕೇಳಲೇ ಇಲ್ಲವಲ್ಲ,’ ಎಂದು ಒಂದು ಸಂಜೆ ಮೆಲ್ಲಗೆ ಅಂದರು. ಆವತ್ತು ನನಗೆ ತಮಾಷೆ ಮಾಡಲಾಗಲಿಲ್ಲ.

ಬೆಂಗಳೂರಿನಿಂದ ಅವರ ತಮ್ಮ ಫೋನು ಮಾಡಿದ ದಿನ ಮಾತ್ರ ರಂಗೇರಿತ್ತು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಾಕಿ ದಂಡಗಳಿಗೆ ಶೇಕಡಾ 50 ರಿಯಾಯಿತಿ ಕೊಟ್ಟಾಗ ಜನ ಸಾಲು ನಿಂತು, ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ಕಟ್ಟಿದರು. ತಮ್ಮನೂ ಅರ್ಧಕ್ಕೆ ಮುಗಿಸಿ ಬಂದಿದ್ದ. ‘ತಪ್ಪಿಗೂ ಆಷಾಢದ ಸೇಲ್! ಸರಿಯಾದ ಸಮಯಕ್ಕೆ ಪೂರ್ತಿ ಕಟ್ಟಿದವನು ಎಂತ ಮಂಕನಾ?’ ಎಂದು ಭಾವ ಕಟ್ಟಡ ಅದುರುವಂತೆ ಗುಡುಗಿದರು. ಮಾತು ನೂರಕ್ಕೆ ನೂರು ಸರಿ. ಅವರು ಕಟ್ಟಿರಲಿಲ್ಲ ಎಂಬುದೊಂದೇ ಕೊರತೆ.

ಈ ಫೈಲಿನಿಂದ ಯಾರಿಗೂ ಉಪಯೋಗವಾಗಲಿಲ್ಲವೆಂದಲ್ಲ. ಸಂಜೆ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಭಾವ ಕೂತರೆಂದರೆ ಊಟದ ಪೊಟ್ಟಣ ತರುವ ಹುಡುಗರು ಸ್ಕೂಟರು ಬದಿಗಿಟ್ಟು ಮೊಬೈಲು ಹಿಡಿದು ಸುತ್ತ ನಿಲ್ಲುತ್ತಾರೆ. ಅವರ ಚಲನ್‌ಗಳು ನಮ್ಮಂತೆ ಒಂದೆರಡಲ್ಲ. ಕೆಲವರ ಬಾಕಿ ಸ್ಕೂಟರಿನ ಬೆಲೆಯನ್ನು ಸಮೀಪಿಸಿದೆ. ಹತ್ತು ನಿಮಿಷದಲ್ಲಿ ತಲುಪಿಸು ಎನ್ನುವವರು ಬೇರೆ, ದಂಡ ಕಟ್ಟುವವನು ಬೇರೆ. ಭಾವ ಕನ್ನಡಕ ಏರಿಸಿ ಒಂದೊಂದೇ ಫೋಟೊ ಹಿಗ್ಗಿಸಿ ನೋಡುತ್ತಾರೆ. ಒಬ್ಬ ಹುಡುಗನ ಚಲನ್ನಿನಲ್ಲಿ ಸ್ಕೂಟರಿನ ಬದಲು ಯಾರದೋ ಬಿಳಿ ಟೆಂಪೊ ಇತ್ತು. ನಂಬರಿನ ಒಂದು ಅಂಕಿ ತಪ್ಪು ಓದಿದ್ದು. ಭಾವ ಬರೆದ ದೂರಿಗೆ ಅದು ರದ್ದಾಯಿತು. ಆ ಹುಡುಗ ತಂದ ಪೇಡೆಯನ್ನು ಕಟ್ಟಡಕ್ಕೆಲ್ಲ ಹಂಚಿದರು, ಜೊತೆಗೆ ಆದೇಶದ ಪ್ರತಿಯನ್ನೂ. ನಿಧಾನವಾಗಿ ಹೋಗು ಮಾರಾಯ ಎಂದು ಪ್ರತಿಯೊಬ್ಬನಿಗೂ ಹೇಳಿಯೇ ಕಳಿಸುತ್ತಾರೆ. ಅದನ್ನು ತಮಗೆ ಹೇಳಿಕೊಳ್ಳುವ ಅಭ್ಯಾಸ ಇಲ್ಲ.

ಕೊನೆಗೆ ಲೋಕ ಅದಾಲತ್‌ನಿಂದ ಕರೆ ಬಂತು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಫೈಲಿಗೆ ಹೊಸ ದಾರ ಕಟ್ಟಿ, ನನ್ನನ್ನು ಸಾಕ್ಷಿ ಎಂದು ಕರೆದುಕೊಂಡು ಹೊರಟರು. ಅಲ್ಲಿ ಜನವೋ ಜನ. ನಮ್ಮ ಸರದಿ ಬಂದಾಗ ಭಾವ ಎದ್ದು ನಿಂತು ‘ದಯವಿಟ್ಟು ಮೂರನೇ ಪುಟ’ ಎಂದು ಶುರುಮಾಡಿದರು. ‘ಕಾಕಾ, ಇಲ್ಲಿ ವಾದ ಇಲ್ಲ, ರಾಜಿ ಮಾತ್ರ,’ ಎಂದಳು ಕಂಪ್ಯೂಟರ್ ಮುಂದಿದ್ದ ಹುಡುಗಿ. ‘ನಿಲುಗಡೆಯದು ಐನೂರು. ಕಟ್ಟುತ್ತೀರಾ?’

‘ನಿಲ್ಲಿಸಿದ್ದು ಹೌದು, ಕಟ್ಟುತ್ತೇನೆ,’ ಎಂದರು ಭಾವ ತಕ್ಷಣ. ‘ನಾನು ಬಂದದ್ದು ವೇಗದ ಪ್ರಕರಣಕ್ಕೆ.’

ಆಕೆ ಮತ್ತೊಮ್ಮೆ ಗಾಡಿಯ ನಂಬರು ಒತ್ತಿದಳು. ವೇಗದ ಚಲನ್ ಬಾಕಿ ಇರಲಿಲ್ಲ. ಬಂದ ವಾರದಲ್ಲೇ ಪೂರ್ತಿ 2,000 ಕಟ್ಟಿಯಾಗಿತ್ತು.

ಭಾವ ಅಲ್ಲಿಯೇ ನಿಂತು ಮನೆಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಅತ್ತಿಗೆಯ ದನಿ ನನಗೂ ಆಕೆಗೂ ಹಿಂದಿನ ಸಾಲಿನವರಿಗೂ ಕೇಳಿಸಿತು: ‘ಹೌದು, ನಾನೇ ಕಟ್ಟಿದ್ದು. ಹೇಳಿದ್ದರೆ ಇಷ್ಟು ದಿನ ಸಂಜೆ ಹೊತ್ತು ಎಂತ ಮಾಡ್ತಿದ್ರಿ ನೀವು?’

ಭಾವ ಫೋನು ಜೇಬಿಗಿಟ್ಟರು. ಫೈಲಿನ ದಾರ ಬಿಚ್ಚಿದರು, ಪೆನ್ನು ತೆಗೆದರು, ಆ ಹುಡುಗಿಯ ಕಡೆ ಬಾಗಿ ಬಹಳ ವಿನಯದಿಂದ ಕೇಳಿದರು: ‘ತಂಗಿ, ಮಾಲೀಕನ ಒಪ್ಪಿಗೆ ಇಲ್ಲದೆ ಕಟ್ಟಿದ ಹಣವನ್ನು ವಾಪಸು ಪಡೆಯಬೇಕಾದರೆ ಅರ್ಜಿ ಯಾರ ಹೆಸರಿಗೆ ಬರೆಯಬೇಕು?’