ಶೀತಕಾಲೀನ ಕರಿಬೇವು ಮೀಮಾಂಸೆ

ಪೀಠಿಕೆ

ಶಾಸ್ತ್ರಗ್ರಂಥ ಬರೆಯುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳನ್ನು ಮೊದಲೇ ಹೇಳಿಬಿಡಬೇಕು. ಅಧಿಕಾರಿ: ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಸಾಲದ ಮನೆಯುಳ್ಳ ಕನ್ನಡಿಗ. ವಿಷಯ: ಕುಂಡದ ಕರಿಬೇವು. ಸಂಬಂಧ: ವಾತ್ಸಲ್ಯ, ಮಕ್ಕಳೆದುರು ಇದನ್ನು ಒಪ್ಪಿಕೊಳ್ಳಬಾರದು. ಪ್ರಯೋಜನ: ಒಗ್ಗರಣೆ ಎಂಬುದು ಲೋಕರೂಢಿ. ಅದರ ಖಂಡನೆ ಮುಂದಿದೆ.

ಕುಲವಿಚಾರ

ಕರಿಬೇವಿಗೂ ಬೇವಿಗೂ ನಂಟಿಲ್ಲ. ಇದು ನಿಂಬೆ-ಕಿತ್ತಳೆಗಳ ದಾಯಾದಿ. ಇದರ ಶಾಸ್ತ್ರೀಯ ಹೆಸರಿನಲ್ಲಿ ಕೂತಿರುವಾತ 18ನೇ ಶತಮಾನದಲ್ಲಿ ತರಂಗಂಬಾಡಿಗೆ ಬಂದಿದ್ದ ವೈದ್ಯ, ಲಿನೇಯಸ್‌ನ ಶಿಷ್ಯ ಕೋನಿಗ್. ತಲೆತಲಾಂತರದಿಂದ ಒಗ್ಗರಣೆ ಹಾಕಿದವರು ನಮ್ಮಜ್ಜಿಯರು, ಹೆಸರು ಹಾಕಿಸಿಕೊಂಡವನು ಕೋನಿಗ್.

ದಾಯಾದಿತನದಿಂದ ತಾಪತ್ರಯವೂ ಉಂಟು. ನಿಂಬೆ ಜಾತಿಗೆ ರೋಗ ಹರಡುವ ಸಿಲಿಡ್ ಎಂಬ ಕೀಟಕ್ಕೆ ಕರಿಬೇವೆಂದರೂ ಪ್ರಾಣ. ಆ ರೋಗ 2005ರಲ್ಲಿ ಫ್ಲಾರಿಡಾದಲ್ಲಿ ಪತ್ತೆಯಾಯಿತು. ಈಗ ಅಂಥ ರಾಜ್ಯಗಳಿಂದ ಸಸಿ ಹೊರಡಬೇಕಾದರೆ ಕಾಗದಪತ್ರ ಸರಿಯಿರಬೇಕು. ಊರಿನಲ್ಲಿ ಸೊಪ್ಪಿನವಳು ಕೊಸರಿಗೆಂದು ಚೀಲಕ್ಕೆ ಎಸೆಯುತ್ತಿದ್ದ ಕಡ್ಡಿಯ ಗತಿ ಇದು.

ಸೂತ್ರ 1: ಐವತ್ತಕ್ಕಿಳಿದರೆ ಗೃಹಪ್ರವೇಶ

ವೃತ್ತಿ: ಐವತ್ತು ಎಂದರೆ ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಹತ್ತು. ಅಕ್ಟೋಬರಿನ ರಾತ್ರಿಗಳು ಅಲ್ಲಿಗಿಳಿಯುತ್ತವೆ. ಆರು ತಿಂಗಳಿಗೆಂದು ಬಂದ ಅಮ್ಮ ನ್ಯೂವರ್ಕ್ ವಿಮಾನ ಹತ್ತುವುದೂ ಆಗಲೇ. ಒಬ್ಬರನ್ನು ಬಿಟ್ಟು ಬಂದು ಇನ್ನೊಬ್ಬರನ್ನು ಒಳಗೆ ಹೊತ್ತು ತರುವುದು ಒಂದೇ ವಾರಾಂತ್ಯದ ಕೆಲಸ.

ಸೂತ್ರ 2: ಸೂರ್ಯಾಭಾವೇ ಎಲ್ಇಡಿ

ವೃತ್ತಿ: ಡಿಸೆಂಬರ್ 21ರಂದು ಬೆಂಗಳೂರಿನ ಹಗಲು ಹನ್ನೊಂದು ಗಂಟೆ ಮೀರುತ್ತದೆ, ಪಿಸ್ಕಾಟವೇಯದು ಒಂಬತ್ತೂಕಾಲು. ಕೊರತೆ ತುಂಬಲು ಲಿವಿಂಗ್ ರೂಮಿನಲ್ಲಿ ನೇರಳೆ ಬಣ್ಣದ ದೀಪ. 2022ರಿಂದ ಈ ರಾಜ್ಯದಲ್ಲಿ ದೊಡ್ಡವರು ಗಾಂಜಾ ಕೊಳ್ಳಬಹುದು, ಮನೆಯಲ್ಲಿ ಬೆಳೆದರೆ ಮಾತ್ರ ಅಪರಾಧ. ರಾತ್ರಿಯೆಲ್ಲ ನೇರಳೆಯಾಗಿ ಹೊಳೆಯುವ ನಮ್ಮ ಕಿಟಕಿಯನ್ನು ನೋಡಿದ ನೆರೆಯವರು ಈಚೆಗೆ ವಿಪರೀತ ವಿನಯದಿಂದ ಮಾತಾಡಿಸುತ್ತಾರೆ.

ಸೂತ್ರ 3: ಅತಿ ಪ್ರೀತಿ ಬೇರುಕೊಳೆ

ಪೂರ್ವಪಕ್ಷ: ಬುಡಕ್ಕೆ ಹುಳಿ ಮಜ್ಜಿಗೆ ಹೊಯ್ದರೆ ಕರಿಬೇವು ಹುಲುಸಾಗುತ್ತದೆ ಎಂದು ಮೈಸೂರಿನ ಅಜ್ಜಿ.

ಸಿದ್ಧಾಂತ: ಅದು ಹಿತ್ತಿಲಿಗೆ ಹೇಳಿದ ಮಾತು, ಲಿವಿಂಗ್ ರೂಮಿಗಲ್ಲ. ಜನವರಿಯಲ್ಲಿ ಗಿಡ ನಿದ್ದೆಯಲ್ಲಿರುತ್ತದೆ. ಮಲಗಿದವರ ಬಾಯಿಗೆ ಮಜ್ಜಿಗೆ ಹೊಯ್ಯಬಾರದು. ಒದ್ದೆ ಮಣ್ಣಿನಿಂದ ಪುಟ್ಟ ಕಪ್ಪು ನೊಣಗಳೆದ್ದು ನೆಂಟರ ಕಾಫಿಗೆ ಬೀಳುತ್ತವೆ. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಹೊರತೆಗೆದರು. ಆ ತಂಡದ ವಾಕ್ಸ್‌ಮನ್ ಹೆಸರಿನ ಸಂಸ್ಥೆ ನಮ್ಮೂರಲ್ಲೇ ಇದೆ. ನಮ್ಮ ಮಣ್ಣಿನಿಂದ ಹೊರಟದ್ದು ನೊಣ. ಮಜ್ಜಿಗೆಯ ಪ್ರಯೋಗ ಒಂದೇ ಸಲ ನಡೆಯಿತು. ಮನೆಯವರು ಎರಡನೆಯದಕ್ಕೆ ಅನುಮತಿ ಕೊಡಲಿಲ್ಲ.

ಅಪವಾದ: ಹೀಟರಿನ ಒಣಗಾಳಿಗೆ ಎಲೆಯಡಿ ನುಸಿ ಕಟ್ಟುತ್ತದೆ. ಆದ್ದರಿಂದ ಶನಿವಾರ ಬಾತ್‌ಟಬ್‌ನಲ್ಲಿ ಗಿಡಕ್ಕೆ ಸ್ನಾನ. ಮನೆಯಲ್ಲಿ ವಾರ ತಪ್ಪದೆ ತಲೆಗೆ ನೀರು ಹಾಕಿಸಿಕೊಳ್ಳುವುದು ಇದೊಂದೇ.

ಪ್ರಯೋಜನ ಖಂಡನೆ

ಫೆಬ್ರುವರಿಯ ಹೊತ್ತಿಗೆ ಬರಲು ಕಡ್ಡಿಯ ತುದಿಯಲ್ಲಿ ಹದಿನೇಳು ಎಲೆ. ದಿನವೂ ಎಣಿಕೆ ನಡೆಯುತ್ತದೆ, ಕೀಳುವುದು ನಿಷಿದ್ಧ. ಸಾರಿಗೆ ಬೇಕಾದದ್ದನ್ನು ಓಕ್ ಟ್ರೀ ರಸ್ತೆಯ ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ತರುತ್ತೇವೆ. ಅದನ್ನು ಗಿಡಕ್ಕೆ ಕಾಣದಂತೆ ಫ್ರಿಜ್ಜಿಗೆ ಸೇರಿಸಬೇಕೆಂದು ಒಂದು ಪಾಠಾಂತರವಿದೆ. ಹೀಗೆ, ಕರಿಬೇವನ್ನು ಸಾಕುವುದು ಒಗ್ಗರಣೆಗೆ ಎಂಬ ವಾದ ಬಿದ್ದುಹೋಯಿತು. ಕರಿಬೇವನ್ನು ಸಾಕುವುದು ಕರಿಬೇವನ್ನು ಕೀಳದಿರುವುದಕ್ಕೆ.

ಫಲಶ್ರುತಿ

ಮೇ ತಿಂಗಳಲ್ಲಿ ಗಿಡ ಡೆಕ್ಕಿಗಿಳಿಯಿತು. ಅಮ್ಮನೂ ಬಂದಳು. ಸೂಟ್‌ಕೇಸ್ ಬಿಚ್ಚುವ ಮೊದಲೇ ಹೊರಗೆ ಹೋಗಿ, ಏಳು ತಿಂಗಳು ಕಾದ ತುದಿಯನ್ನು ಲಟಕ್ಕನೆ ಮುರಿದು, ನೇರ ಒಲೆಯ ಕಡೆ ನಡೆದಳು. ನನ್ನ ಬಾಯಿಂದ ಹೊರಟದ್ದು ಶಾಸ್ತ್ರೀಯ ಆಕ್ಷೇಪವಲ್ಲ, ಚೀತ್ಕಾರ.

"ಚಿವುಟಿದ್ರೇನೇ ಕಣೋ ಚಿಗುರೋದು. ಹೀಗೆ ನೋಡ್ತಾ ಕೂತ್ರೆ ಅದು ಗಿಡ ಆಗುತ್ತಾ?"

ಮೂರು ವಾರದಲ್ಲಿ ಮುರಿದ ಕಡೆ ಮೂರು ಚಿಗುರು. ಮೂರು ಸೂತ್ರಗಳ ಈ ಗ್ರಂಥಕ್ಕೆ ಬಂದ ಖಂಡನೆ ಅದೊಂದೇ. ಗ್ರಂಥಕರ್ತನು ಅಂದು ಸಾರನ್ನು ಎರಡು ಸಲ ಬಡಿಸಿಕೊಂಡು, ತಟ್ಟೆಯಂಚಿಗಿಟ್ಟ ಎಲೆಗಳನ್ನು ಅಭ್ಯಾಸಬಲದಿಂದ ಎಣಿಸಿದನು.